‘ಏನ್ ಓದ್ಲಿಕತ್ತಿ?’ ಎಂಬ ಪ್ರಶ್ನೆಗೆ ಜರ್ಮನ್‌ನಲ್ಲಿ ಉತ್ತರ

(ಜರ್ಮನ್ ಕಲಿಸುವ ಅಧ್ಯಾಪಕಿಯೊಬ್ಬರು ಕಲಬುರಗಿಯ ಕಾಲೇಜೊಂದರ ಅಂತಿಮ ವರ್ಷದ ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸದ ಧ್ವನಿಮುದ್ರಣದಿಂದ ಸಿದ್ಧಪಡಿಸಿದ ಬರಹ. ಜರ್ಮನ್ ಮಾತುಗಳನ್ನು ಉಚ್ಚಾರಣೆಗೆ ಆದಷ್ಟು ಹತ್ತಿರವಾಗುವಂತೆ ಕನ್ನಡ ಲಿಪಿಯಲ್ಲಿ ಕೊಡಲಾಗಿದೆ.)

ಕಲಬುರಗಿಯಿಂದ ಶಹಾಬಾದಕ್ಕೆ ಹೋಗುವ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ ಹಿರಿಯರೊಬ್ಬರು ನಿಮ್ಮ ಮಡಿಲಲ್ಲಿರುವ ಫೈಲು ನೋಡಿ ‘ಏನ್ ಓದ್ಲಿಕತ್ತಿ ಯವ್ವಾ?’ ಎಂದು ಕೇಳುತ್ತಾರೆ. ‘ಬಿ.ಇ. ಮಾಡ್ಲಿಕತ್ತೀನ್ರಿ’ ಎಂದು ನೀವು ಹೇಳುತ್ತೀರಿ. ಯಾವ ಕಾಲೇಜು, ಎಷ್ಟು ಪರ್ಸೆಂಟ್ ಆಗ್ಯದ, ಮುಂದ ನೌಕರಿ ಸಿಗ್ತದೇನು ಎಂಬ ಮೂರು ಪ್ರಶ್ನೆಗಳು ಅದೇ ಕ್ರಮದಲ್ಲಿ ಬರುತ್ತವೆ. ಈ ಮಾತುಕತೆ ನಿಮಗೆಲ್ಲ ಬಾಯಿಪಾಠವಾಗಿದೆ. ಇದೇ ಮಾತುಕತೆ ಜರ್ಮನ್ ಭಾಷೆಯಲ್ಲಿ ಹೇಗೆ ನಡೆಯುತ್ತದೆ, ಅಲ್ಲಿ ಯಾವ ಪ್ರಶ್ನೆ ಮೊದಲು ಬರುತ್ತದೆ, ಯಾವುದು ಬರುವುದೇ ಇಲ್ಲ, ನಮ್ಮ ಕನ್ನಡ ನಮಗೆ ಎಲ್ಲಿ ನೆರವಾಗುತ್ತದೆ, ಎಲ್ಲಿ ಎಡವಿಸುತ್ತದೆ ಎಂಬುದನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ.

ಈ ವಿಷಯವನ್ನು ಆರಿಸಿಕೊಳ್ಳಲು ಕಾರಣವಿದೆ. 2023-24ರ ಚಳಿಗಾಲದ ಸೆಮಿಸ್ಟರಿನಲ್ಲಿ ಜರ್ಮನಿಯ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಸುಮಾರು 49,000 ಭಾರತೀಯ ವಿದ್ಯಾರ್ಥಿಗಳಿದ್ದರು. ಅದಕ್ಕೂ ಒಂದು ವರ್ಷ ಮೊದಲೇ ನಮ್ಮವರು ಚೀನೀ ವಿದ್ಯಾರ್ಥಿಗಳನ್ನು ದಾಟಿ ಅಲ್ಲಿನ ಅತಿ ದೊಡ್ಡ ವಿದೇಶಿ ಗುಂಪಾಗಿದ್ದರು. ಇವರಲ್ಲಿ ಬಹಳಷ್ಟು ಮಂದಿ ಇಂಗ್ಲಿಷ್ ಮಾಧ್ಯಮದ ಸ್ನಾತಕೋತ್ತರ ಕೋರ್ಸುಗಳಿಗೆ ಹೋಗುವವರು. ಪಾಠ ಇಂಗ್ಲಿಷಿನಲ್ಲಿ ನಡೆಯುತ್ತದೆ, ಜರ್ಮನ್ ಯಾಕೆ ಬೇಕು ಎಂದು ನೀವು ಕೇಳಬಹುದು. ಪಾಠ ಮುಗಿದ ಮೇಲೆ ಅಡುಗೆಮನೆಯಲ್ಲಿ, ಟ್ರಾಮ್ ನಿಲ್ದಾಣದಲ್ಲಿ, ಬಾಡಿಗೆಗೆ ಕೋಣೆ ನೋಡಲು ಹೋದಾಗ, ಅರೆಕಾಲಿಕ ಕೆಲಸ ಕೇಳಲು ಹೋದಾಗ ನಿಮ್ಮನ್ನು ಮೊದಲು ಕೇಳುವ ಪ್ರಶ್ನೆ ಇದೇ ಆಗಿರುತ್ತದೆ. ಇದಕ್ಕೆ ನೆಮ್ಮದಿಯಿಂದ ನಾಲ್ಕು ವಾಕ್ಯ ಉತ್ತರಿಸಬಲ್ಲವರಿಗೆ ಆ ಊರಿನಲ್ಲಿ ಪರಿಚಯಗಳು ಬೆಳೆಯುತ್ತವೆ. ಉತ್ತರಿಸಲಾಗದವರು ಎರಡು ವರ್ಷ ನಮ್ಮವರ ನಡುವೆಯೇ ಕಳೆದು ಬರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮೊದಲು ‘ಓದು’ ಎಂಬ ನಮ್ಮ ಪದವನ್ನೇ ನೋಡೋಣ. ‘ಪೇಪರ್ ಓದುತ್ತಿದ್ದೇನೆ’, ‘ನಾಳೆ ಪರೀಕ್ಷೆ ಇದೆ, ಓದುತ್ತಿದ್ದೇನೆ’, ‘ಬಿ.ಇ. ಓದುತ್ತಿದ್ದೇನೆ’ ಎಂಬ ಈ ಮೂರು ಮಾತುಗಳಲ್ಲಿಯೂ ಕನ್ನಡ ಒಂದೇ ಕ್ರಿಯಾಪದವನ್ನು ಬಳಸುತ್ತದೆ. ಜರ್ಮನ್ ಇವುಗಳಿಗೆ ಮೂರು ಬೇರೆ ಪದಗಳನ್ನು ಇಟ್ಟಿದೆ. ಪೇಪರ್ ಓದುವುದು ‘ಲೇಜ಼ನ್’. ಪರೀಕ್ಷೆಗೆ ಓದುವುದು, ಭಾಷೆ ಕಲಿಯುವುದು, ಮಗ್ಗಿ ಕಲಿಯುವುದು ಇವೆಲ್ಲ ‘ಲೆರ್ನನ್’. ವಿಶ್ವವಿದ್ಯಾಲಯದಲ್ಲಿ ಒಂದು ವಿಷಯವನ್ನು ಪದವಿಗಾಗಿ ಅಭ್ಯಾಸ ಮಾಡುವುದು ಮಾತ್ರ ‘ಷ್ಟುಡೀರನ್’. ಈ ಮೂರನೆಯ ಪದವನ್ನು ಜರ್ಮನರು ಬಹಳ ಬಿಗಿಯಾಗಿ ಬಳಸುತ್ತಾರೆ. ಹತ್ತನೆಯ ತರಗತಿಯ ಹುಡುಗ ಎಷ್ಟೇ ಕಷ್ಟಪಟ್ಟು ಓದಿದರೂ ಅವನು ಮಾಡುತ್ತಿರುವುದು ‘ಲೆರ್ನನ್’, ಎಂ.ಟೆಕ್. ವಿದ್ಯಾರ್ಥಿನಿ ರಾತ್ರಿ ಪುಸ್ತಕ ಹಿಡಿದು ಮರುದಿನದ ಪರೀಕ್ಷೆಗೆ ಸಿದ್ಧಳಾಗುತ್ತಿದ್ದರೆ ಆ ಹೊತ್ತಿನಲ್ಲಿ ಅವಳು ಮಾಡುತ್ತಿರುವುದೂ ‘ಲೆರ್ನನ್’. ಆದರೆ ಅವಳ ಬದುಕಿನ ಈ ಎರಡು ವರ್ಷಗಳ ಕೆಲಸಕ್ಕೆ ಹೆಸರು ‘ಷ್ಟುಡೀರನ್’. ‘ಇಶ್ ಷ್ಟುಡೀರೆ ಮಶೀನನ್‌ಬೌ’ ಎಂದರೆ ನಾನು ಮೆಕ್ಯಾನಿಕಲ್ ಇಂಜಿನಿಯರಿಂಗ್ ಪದವಿಗೆ ಓದುತ್ತಿದ್ದೇನೆ ಎಂದರ್ಥ. ‘ಇಶ್’ ಎಂಬಲ್ಲಿ ಕೊನೆಯ ಧ್ವನಿ ನಮ್ಮ ಶಕಾರಕ್ಕೂ ಹಕಾರಕ್ಕೂ ನಡುವೆ ಇದೆ. ‘ಈ’ ಎನ್ನುವಂತೆ ನಾಲಗೆಯನ್ನು ಇಟ್ಟುಕೊಂಡು ಉಸಿರು ಬಿಟ್ಟರೆ ಆ ಧ್ವನಿ ಬರುತ್ತದೆ.

ನಾನು ಓದಲೆಂದು ಜರ್ಮನಿಯ ಡ್ರೆಸ್ಡನ್ ನಗರಕ್ಕೆ ಹೋದ ಮೊದಲ ವಾರ, ನಾಲ್ವರು ಹಂಚಿಕೊಂಡಿದ್ದ ಮನೆಯ ಅಡುಗೆಮನೆಯಲ್ಲಿ ಒಬ್ಬ ಹುಡುಗಿ ಈರುಳ್ಳಿ ಹೆಚ್ಚುತ್ತಾ ನನ್ನನ್ನು ‘ಉಂಡ್ ವಸ್ ಮಖ್ಸ್ಟ್ ಡೂ ಜ಼ೋ?’ ಎಂದು ಕೇಳಿದಳು. ‘ಮತ್ತೆ, ನೀನು ಏನು ಮಾಡ್ತಿದೀ?’ ಎಂಬುದು ಅದರ ಅರ್ಥ. ನಾನು ಕನ್ನಡದಲ್ಲಿ ಯೋಚಿಸಿ, ‘ಓದು’ವಿಗೆ ನೇರವಾಗಿ ಸಿಕ್ಕ ಪದವನ್ನು ಹಿಡಿದು ‘ಇಶ್ ಲೇಜ಼ೆ ಬೌ-ಇಂಜೆನಿಯೋರ್-ವೇಜ಼ನ್’ ಎಂದೆ. ಸಿವಿಲ್ ಇಂಜಿನಿಯರಿಂಗಿಗೆ ಅಲ್ಲಿ ಅಷ್ಟುದ್ದದ ಹೆಸರಿದೆ. ಆಕೆ ಚಾಕು ಕೆಳಗಿಟ್ಟು, ಯಾವ ಪುಸ್ತಕ ಎಂದು ಕೇಳಿದಳು. ಆಕೆ ವ್ಯಂಗ್ಯವಾಡಲಿಲ್ಲ, ನಾನು ಆ ವಿಷಯದ ಪುಸ್ತಕವೊಂದನ್ನು ಓದುತ್ತಿದ್ದೇನೆ ಎಂದೇ ತಿಳಿದಿದ್ದಳು. ಅಂದು ರಾತ್ರಿ ನಾನು ಈ ಮೂರು ಕ್ರಿಯಾಪದಗಳನ್ನು ನೋಟ್ ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಂಡೆ, ಮತ್ತು ಇಂದಿಗೂ ನನ್ನ ವಿದ್ಯಾರ್ಥಿಗಳಿಗೆ ಮೊದಲ ದಿನ ಅವನ್ನೇ ಬರೆಸುತ್ತೇನೆ.

ಇಲ್ಲಿ ಒಂದು ಸಣ್ಣ ವಿಷಯಾಂತರ ಮಾಡುತ್ತೇನೆ. ವಿಶ್ವವಿದ್ಯಾಲಯದಲ್ಲಿ ‘ಲೇಜ಼ನ್’ ಎಂಬ ಪದಕ್ಕೆ ಜಾಗವೇ ಇಲ್ಲವೆಂದಲ್ಲ, ಆದರೆ ಅದು ಪ್ರಾಧ್ಯಾಪಕರಿಗೆ ಸೇರಿದ ಜಾಗ. ಉಪನ್ಯಾಸಕ್ಕೆ ಜರ್ಮನ್‌ನಲ್ಲಿ ‘ಫೋರ್‌ಲೇಜ಼ುಂಗ್’ ಎನ್ನುತ್ತಾರೆ. ಎದುರಿಗಿರುವವರಿಗೆ ಓದಿ ಹೇಳುವುದು ಎಂಬುದು ಅದರ ಮೂಲಾರ್ಥ. ಮುದ್ರಿತ ಪುಸ್ತಕಗಳು ಕೈಗೆಟುಕದಿದ್ದ ಕಾಲದಲ್ಲಿ ಅಧ್ಯಾಪಕರು ಹಸ್ತಪ್ರತಿಯಿಂದ ಓದಿ ಹೇಳುತ್ತಿದ್ದರು, ವಿದ್ಯಾರ್ಥಿಗಳು ಬರೆದುಕೊಳ್ಳುತ್ತಿದ್ದರು. ಜರ್ಮನಿಯ ಅತ್ಯಂತ ಹಳೆಯ ವಿಶ್ವವಿದ್ಯಾಲಯವಾದ ಹೈಡೆಲ್‌ಬೆರ್ಗ್ ಸ್ಥಾಪನೆಯಾದದ್ದು 1386ರಲ್ಲಿ, ಅಂದರೆ ಅಲ್ಲಿ ಅಚ್ಚಿನ ಮೊಳೆ ಬರುವುದಕ್ಕೂ ಮೊದಲು. ಆ ಕಾಲದ ನೆನಪು ಈ ಪದದಲ್ಲಿ ಉಳಿದಿದೆ. ನಮ್ಮ ಪುರಾಣ ಪ್ರವಚನದಲ್ಲಿ ಒಬ್ಬರು ಓದಿ ಮತ್ತೊಬ್ಬರು ಅರ್ಥ ಹೇಳುವುದನ್ನು ಕಂಡಿರುವ ನಿಮಗೆ ಇದು ಬಹಳ ದೂರದ ಸಂಗತಿ ಎನಿಸಲಾರದು.

ಎರಡನೆಯ ತೊಡಕು ‘ಕಾಲೇಜು’ ಎಂಬ ಪದದಿಂದ ಬರುತ್ತದೆ. ನಾವು ಎಸ್ಸೆಸ್ಸೆಲ್ಸಿ ಮುಗಿಸಿದ ಮರುತಿಂಗಳೇ ಕಾಲೇಜಿಗೆ ಹೋಗುತ್ತೇವೆ. ಪಿಯುಸಿ ನಮ್ಮಲ್ಲಿ ಕಾಲೇಜು. ಜರ್ಮನರ ಕಣ್ಣಿನಲ್ಲಿ ಹದಿನಾರು, ಹದಿನೇಳರ ವಯಸ್ಸಿನವರು ಇನ್ನೂ ಶಾಲೆಯ ಮಕ್ಕಳು, ಅವರಿಗೆ ‘ಶ್ಯೂಲರ್’ ಎನ್ನುತ್ತಾರೆ. ‘ಷ್ಟುಡೆಂಟ್’ ಎನಿಸಿಕೊಳ್ಳಲು ವಿಶ್ವವಿದ್ಯಾಲಯದ ಮಟ್ಟಕ್ಕೆ ಬರಬೇಕು. ಆದ್ದರಿಂದ ನಿಮ್ಮ ತಮ್ಮ ಪಿಯುಸಿಯಲ್ಲಿದ್ದರೆ ಅವನು ‘ಷ್ಟುಡೆಂಟ್’ ಎಂದು ಹೇಳಬೇಡಿ. ಇದಕ್ಕಿಂತ ಹೆಚ್ಚು ಗೊಂದಲ ಹುಟ್ಟಿಸುವ ಪದಗಳು ಎರಡಿವೆ. ‘ಹೋಖ್‌ಶೂಲೆ’ ಎಂಬುದನ್ನು ಬಿಡಿಸಿದರೆ ಎತ್ತರದ ಶಾಲೆ, ಹೈಸ್ಕೂಲು ಎಂದಾಗುತ್ತದೆ. ಆದರೆ ಅದು ಉನ್ನತ ಶಿಕ್ಷಣ ಸಂಸ್ಥೆಗೆ ಇರುವ ಹೆಸರು. ‘ನಾನು ಐದು ವರ್ಷದ ಹಿಂದೆ ಹೋಖ್‌ಶೂಲೆ ಮುಗಿಸಿದೆ’ ಎಂದು ಹೈಸ್ಕೂಲಿನ ಅರ್ಥದಲ್ಲಿ ಹೇಳಿದರೆ, ನಿಮಗೆ ಆಗಲೇ ಪದವಿ ಸಿಕ್ಕಿದೆ ಎಂದು ಕೇಳಿದವರು ತಿಳಿಯುತ್ತಾರೆ. ‘ಗ್ಯುಮ್ನಾಜ಼ಿಉಮ್’ ಎಂಬುದು ಕಸರತ್ತಿನ ಮನೆಯಲ್ಲ. ಅದು ‘ಅಬಿಟೂರ್’ ಎಂಬ ಶಾಲಾಂತ್ಯದ ಪರೀಕ್ಷೆಗೆ ಒಯ್ಯುವ ಶಾಲೆ.

ಇನ್ನು ವಾಕ್ಯಕ್ಕೆ ಬರೋಣ. ‘ಇಶ್ ಬಿನ್ ಷ್ಟುಡೆಂಟಿನ್’ ಎಂದರೆ ನಾನು ವಿದ್ಯಾರ್ಥಿನಿ. ಹುಡುಗರು ‘ಷ್ಟುಡೆಂಟ್’ ಎನ್ನಬೇಕು. ಇಂಗ್ಲಿಷ್ ರೂಢಿಯಿರುವವರು ನಡುವೆ ‘ಐನೆ’ ಎಂಬ ಒಂದು ಪದವನ್ನು ಸೇರಿಸುತ್ತಾರೆ, ಯಾಕೆಂದರೆ ಇಂಗ್ಲಿಷಿನಲ್ಲಿ ‘ಎ ಸ್ಟೂಡೆಂಟ್’ ಎನ್ನಬೇಕು. ಕನ್ನಡದಲ್ಲಿ ನಾವು ‘ನಾನು ಒಬ್ಬ ವಿದ್ಯಾರ್ಥಿನಿ’ ಎಂದು ಒತ್ತಿ ಹೇಳುವುದಿಲ್ಲ, ‘ನಾನು ವಿದ್ಯಾರ್ಥಿನಿ’ ಎಂದಷ್ಟೇ ಹೇಳುತ್ತೇವೆ. ಜರ್ಮನರೂ ವೃತ್ತಿಯನ್ನು ಹೇಳುವಾಗ ಹಾಗೆಯೇ ಮಾಡುತ್ತಾರೆ. ನಮ್ಮ ಭಾಗದ ಕನ್ನಡ ಮಾಧ್ಯಮದ ಮಕ್ಕಳು ನನ್ನ ತರಗತಿಗೆ ಬಂದಾಗ, ಇಂಗ್ಲಿಷ್ ಚೆನ್ನಾಗಿ ಬಾರದವರಿಗೆ ಜರ್ಮನ್ ಎಲ್ಲಿ ಬರಬೇಕು ಎಂಬ ಅಳುಕಿನಿಂದ ಕೊನೆಯ ಬೆಂಚಿನಲ್ಲಿ ಕೂರುತ್ತಾರೆ. ಅವರಿಗೆ ನಾನು ಮೊದಲು ತೋರಿಸುವುದು ಈ ವಾಕ್ಯವನ್ನು. ಇಂಗ್ಲಿಷಿನ ಮೇಲೆ ಹಾದು ಹೋಗುವ ಅಗತ್ಯವಿಲ್ಲ. ಕನ್ನಡದಿಂದ ಜರ್ಮನ್‌ಗೆ ನೇರವಾದ ಕಾಲುದಾರಿಗಳು ಹಲವು ಇವೆ. ಮುಂದೆ ಇನ್ನೂ ಎರಡು ತೋರಿಸುತ್ತೇನೆ.

ಎಲ್ಲಿ ಓದುತ್ತೀರಿ ಎಂಬುದಕ್ಕೆ ಊರಾದರೆ ‘ಇನ್’, ಸಂಸ್ಥೆಯಾದರೆ ‘ಆನ್’ ಬರುತ್ತದೆ. ‘ಇನ್ ಡ್ರೆಸ್ಡನ್’, ಆದರೆ ‘ಆನ್ ಡೆರ್ ಉನಿ’. ವಿಶ್ವವಿದ್ಯಾಲಯವನ್ನು ಮಾತಿನಲ್ಲಿ ಯಾರೂ ಪೂರ್ತಿ ಹೆಸರಿನಿಂದ ಕರೆಯುವುದಿಲ್ಲ, ‘ಉನಿ’ ಎನ್ನುತ್ತಾರೆ. ‘ಆನ್ ಡೆರ್ ಉನಿ ಟ್ಯೂಬಿಂಗನ್’ ಎಂಬ ಉದಾಹರಣೆಯನ್ನು ನಾನು ಬೇಕೆಂದೇ ಬರೆಸುತ್ತೇನೆ. ಕನ್ನಡ-ಇಂಗ್ಲಿಷ್ ನಿಘಂಟನ್ನು 1894ರಲ್ಲಿ ಪ್ರಕಟಿಸಿದ ಫರ್ಡಿನಾಂಡ್ ಕಿಟೆಲ್ ಅವರಿಗೆ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟದ್ದು ಆ ವಿಶ್ವವಿದ್ಯಾಲಯ. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿದ ಹೆರ್ಮನ್ ಮೊಗ್ಲಿಂಗ್ ಅವರು ಓದಿದ್ದೂ ಅಲ್ಲಿಯೇ. ಇಬ್ಬರೂ ಆ ನಾಡಿನಿಂದ ಇಲ್ಲಿಗೆ ಬಂದು ನಮ್ಮ ‘ಓದು’, ‘ಕಲಿ’, ‘ಬರೆ’ಗಳ ಅರ್ಥವ್ಯತ್ಯಾಸವನ್ನು ನಮ್ಮವರ ಬಾಯಿಂದಲೇ ಕೇಳಿ ತಿಳಿದುಕೊಂಡರು. ಈಗ ನೀವು ಅದೇ ಹಾದಿಯಲ್ಲಿ ಎದುರು ದಿಕ್ಕಿಗೆ ಹೊರಟಿದ್ದೀರಿ ಎಂಬುದು ನನಗೆ ಬಹಳ ಸಂತೋಷದ ವಿಷಯ.

ನಾವು ‘ಥರ್ಡ್ ಇಯರ್’, ‘ಫೈನಲ್ ಇಯರ್’ ಎನ್ನುತ್ತೇವೆ. ಜರ್ಮನರು ಮಾತಿನಲ್ಲಿ ಎಣಿಸುವುದು ಸೆಮಿಸ್ಟರುಗಳನ್ನು. ‘ಇಮ್ ವೀಫೀಲ್ಟನ್ ಜ಼ೆಮೆಸ್ಟರ್ ಬಿಸ್ಟ್ ಡೂ?’ ಎಂದರೆ ನೀನು ಎಷ್ಟನೆಯ ಸೆಮಿಸ್ಟರಿನಲ್ಲಿದ್ದೀ ಎಂದು. ಇಲ್ಲಿ ಎರಡನೆಯ ಕಾಲುದಾರಿ ಇದೆ: ‘ವೀಫೀಲ್’ ಎಂದರೆ ಎಷ್ಟು, ‘ವೀಫೀಲ್ಟನ್’ ಎಂದರೆ ಎಷ್ಟನೆಯ. ಇಂಗ್ಲಿಷಿನಲ್ಲಿ ‘ಎಷ್ಟನೆಯ’ ಎಂಬುದಕ್ಕೆ ಸರಿಯಾದ ಒಂದು ಪದವೇ ಇಲ್ಲ, ಸುತ್ತಿಬಳಸಿ ಕೇಳಬೇಕು. ಕನ್ನಡದಲ್ಲಿಯೂ ಜರ್ಮನ್‌ನಲ್ಲಿಯೂ ಒಂದು ಪ್ರತ್ಯಯ ಹಚ್ಚಿದರೆ ಸಾಕು. ಉತ್ತರ ‘ಇಮ್ ಡ್ರಿಟ್ಟನ್’, ಅಂದರೆ ಮೂರನೆಯದರಲ್ಲಿ. ಅಲ್ಲಿನ ಸ್ನಾತಕ ಪದವಿಗೆ ಸಾಮಾನ್ಯವಾಗಿ ನಿಗದಿಯಾದ ಅವಧಿ ಆರು ಸೆಮಿಸ್ಟರ್, ಸ್ನಾತಕೋತ್ತರಕ್ಕೆ ನಾಲ್ಕು. ಆದರೆ ಒಂಬತ್ತನೆಯ ಸೆಮಿಸ್ಟರಿನಲ್ಲಿರುವ ಸ್ನಾತಕ ವಿದ್ಯಾರ್ಥಿ ಅದನ್ನು ಯಾವ ಸಂಕೋಚವೂ ಇಲ್ಲದೆ ಹೇಳುತ್ತಾನೆ. ಅವನು ದುಡಿಯುತ್ತಾ ಓದುತ್ತಿರಬಹುದು, ನಡುವೆ ವಿಷಯ ಬದಲಿಸಿರಬಹುದು. ಆ ಉತ್ತರಕ್ಕೆ ನೀವು ಅಯ್ಯೋ ಎನ್ನುವ ಮುಖ ಮಾಡಬಾರದು.

ವಿಷಯದ ಹೆಸರುಗಳನ್ನು ಇಲ್ಲಿಂದಲೇ ಕಲಿತು ಹೋಗಿರಿ. ‘ಬಿ.ಇ.’, ‘ಇ ಆ್ಯಂಡ್ ಸಿ’, ‘ಎಂ.ಟೆಕ್.’ ಎಂಬ ನಮ್ಮ ಸಂಕ್ಷೇಪಗಳು ಅಲ್ಲಿ ಯಾರಿಗೂ ತಿಳಿಯುವುದಿಲ್ಲ. ಮೆಕ್ಯಾನಿಕಲ್‌ಗೆ ‘ಮಶೀನನ್‌ಬೌ’, ಅಕ್ಷರಶಃ ಯಂತ್ರಗಳನ್ನು ಕಟ್ಟುವುದು, ಎಲೆಕ್ಟ್ರಿಕಲ್‌ಗೆ ‘ಎಲೆಕ್ಟ್ರೋಟೆಶ್ನಿಕ್’, ಕಂಪ್ಯೂಟರ್ ಸೈನ್ಸ್‌ಗೆ ‘ಇನ್ಫೊರ್ಮಾಟಿಕ್’, ಕಾನೂನಿಗೆ ‘ಯೂರಾ’. ವಾಣಿಜ್ಯ ನಿರ್ವಹಣೆಗೆ ಉದ್ದನೆಯ ಹೆಸರಿದ್ದರೂ ಎಲ್ಲರೂ ‘ಬೇ-ವೇ-ಎಲ್’ ಎಂದು ಮೂರಕ್ಷರದಲ್ಲಿ ಮುಗಿಸುತ್ತಾರೆ. ಈಗಾಗಲೇ ಪದವಿ ಮುಗಿಸಿದವರು ‘ಇಶ್ ಹಾಬೆ ಇನ್ ಕಲಬುರಗಿ ಮಶೀನನ್‌ಬೌ ಷ್ಟುಡೀರ್ಟ್’ ಎನ್ನಬೇಕು. ಮಾತಿನಲ್ಲಿ ಭೂತಕಾಲಕ್ಕೆ ಈ ರೂಪವೇ ಸಹಜ.

ಯಾರಿಗೆ ‘ಡೂ’, ಯಾರಿಗೆ ‘ಜ಼ೀ’ ಎಂಬ ಪ್ರಶ್ನೆ ನಮಗೆ ಸುಲಭ ಎನಿಸುತ್ತದೆ, ಯಾಕೆಂದರೆ ನಮ್ಮಲ್ಲಿಯೂ ನೀನು, ನೀವು ಇವೆ. ಆದರೆ ಗೆರೆ ಎಳೆದಿರುವ ಜಾಗ ಬೇರೆ. ನಮ್ಮಲ್ಲಿ ವಯಸ್ಸು ಹಿರಿದಾದರೆ ನೀವು, ಅದರ ಮೇಲೊಂದು ‘ರೀ’. ಅಲ್ಲಿ ವಿದ್ಯಾರ್ಥಿಗಳೆಲ್ಲ ಪರಸ್ಪರ ‘ಡೂ’. ಪಕ್ಕದಲ್ಲಿ ಕುಳಿತವರು ನಿಮಗಿಂತ ಹದಿನೈದು ವರ್ಷ ದೊಡ್ಡವರಾದರೂ, ಮೊದಲ ಭೇಟಿಯೇ ಆದರೂ ‘ಡೂ’. ನಮ್ಮ ಮಕ್ಕಳು ಗೌರವದಿಂದ ಸಹಪಾಠಿಗೆ ‘ಜ಼ೀ’ ಎಂದಾಗ, ಇವರು ನಮ್ಮನ್ನು ದೂರ ಇಡುತ್ತಿದ್ದಾರೆ ಎಂದು ಅವರಿಗೆ ಅನಿಸುತ್ತದೆ. ಪ್ರಾಧ್ಯಾಪಕರಿಗೆ ಮಾತ್ರ ‘ಜ಼ೀ’, ಜೊತೆಗೆ ‘ಹೆರ್’ ಅಥವಾ ‘ಫ್ರೌ’ ಸೇರಿಸಿ ಮನೆತನದ ಹೆಸರು. ಮಾತುಮಾತಿಗೂ ಸೇರಿಸಬಲ್ಲ ನಮ್ಮ ‘ಸರ್’, ‘ಮೇಡಂ’ಗಳಿಗೆ ಅಲ್ಲಿ ಸಮಾನವಾದ ಪದವಿಲ್ಲ, ಆ ಖಾಲಿತನಕ್ಕೆ ನಾಲಗೆ ಹೊಂದಿಕೊಳ್ಳಲು ಕೆಲವು ತಿಂಗಳು ಬೇಕು. ಹುಡುಗಿಯರಿಗೆ ಮತ್ತು ಹುಡುಗರಿಗೆ ಒಂದು ಎಚ್ಚರಿಕೆಯ ಮಾತು: ‘ಮೈನ್ ಫ್ರೊಯ್ಂಡ್’, ‘ಮೈನೆ ಫ್ರೊಯ್ಂಡಿನ್’ ಎಂದರೆ ಸಾಮಾನ್ಯವಾಗಿ ಪ್ರೀತಿಸುವ ವ್ಯಕ್ತಿ ಎಂದರ್ಥ. ಬರೀ ಗೆಳೆಯನಾದರೆ ‘ಐನ್ ಫ್ರೊಯ್ಂಡ್ ಫೊನ್ ಮಿಯರ್’, ನನ್ನ ಗೆಳೆಯರಲ್ಲಿ ಒಬ್ಬ, ಎನ್ನಬೇಕು.

ಈಗ ನನಗೆ ಅತ್ಯಂತ ಮುಖ್ಯವೆನಿಸುವ ಪ್ರಶ್ನೆಗೆ ಬರುತ್ತೇನೆ. ವಿಷಯ ಯಾವುದೆಂದು ಹೇಳಿದ ಮೇಲೆ ನಮ್ಮ ಬಸ್ಸಿನಲ್ಲಿ ಪರ್ಸೆಂಟ್ ಕೇಳುತ್ತಾರೆ. ಅಲ್ಲಿ ಕೇಳುವುದು ‘ವೀ ಬಿಸ್ಟ್ ಡೂ ಡರೌಫ್ ಗೆಕೊಮ್ಮನ್?’ ಅಂದರೆ, ಈ ವಿಷಯದ ಕಡೆಗೆ ನೀನು ಹೇಗೆ ಬಂದೆ? ನಮ್ಮ ಮಕ್ಕಳು ಹೆಚ್ಚಾಗಿ ಮೌನವಾಗುವುದು ಇಲ್ಲಿಯೇ, ಮತ್ತು ಆ ಮೌನಕ್ಕೆ ಕಾರಣ ವ್ಯಾಕರಣವಲ್ಲ. ಈ ಪ್ರಶ್ನೆಯನ್ನು ನಮ್ಮನ್ನು ಯಾರೂ ಕನ್ನಡದಲ್ಲಿಯೂ ಕೇಳಿಲ್ಲ. ಸಿ.ಇ.ಟಿ. ರ‍್ಯಾಂಕಿಗೆ ಸಿಕ್ಕ ಸೀಟು, ಕಾಕಾ ಹೇಳಿದ ಬ್ರಾಂಚ್, ನೌಕರಿ ಬೇಗ ಸಿಗುತ್ತದೆ ಎಂಬ ಮಾತು ಇವುಗಳಿಂದ ನಾವು ಇಲ್ಲಿಗೆ ಬಂದಿದ್ದೇವೆ. ಹಾಗೆ ಬಂದದ್ದರಲ್ಲಿ ತಪ್ಪಿಲ್ಲ. ಆದರೆ ಬಂದ ಮೇಲೆ ಆ ವಿಷಯದೊಳಗೆ ನಿಮ್ಮ ಮನಸ್ಸು ಎಲ್ಲೋ ಒಂದು ಕಡೆ ನಿಂತಿರುತ್ತದೆ. ಒಂದು ಪ್ರಯೋಗ, ಒಂದು ಪ್ರಾಜೆಕ್ಟ್, ಒಬ್ಬ ಅಧ್ಯಾಪಕರ ಒಂದು ತರಗತಿ. ಉತ್ತರವನ್ನು ಅಲ್ಲಿಂದ ತನ್ನಿ.

ನನ್ನ ಉತ್ತರವನ್ನು ನಿಮಗೆ ಹೇಳುತ್ತೇನೆ. ನಾನು ಹುಟ್ಟಿ ಬೆಳೆದದ್ದು ಶಹಾಬಾದದಲ್ಲಿ. ನಮ್ಮ ಮನೆಯ ನೆಲ ಫರಸಿ, ಅಂಗಳ ಫರಸಿ, ಹಳೆಯ ಕೋಣೆಯ ಮಾಳಿಗೆಯೂ ಫರಸಿ ಕಲ್ಲಿನದೇ. ಬೇಸಿಗೆಯ ಮಧ್ಯಾಹ್ನ ನೀರು ಚಿಮುಕಿಸಿದ ಆ ನೆಲದ ಮೇಲೆ ಬರಿಮೈಯಲ್ಲಿ ಮಲಗಿದ ನೆನಪು ಈ ಸಭೆಯಲ್ಲಿ ಹಲವರಿಗೆ ಇದ್ದೀತು. ಪದರ ಪದರವಾಗಿ ಏಳುವ ಆ ಕಲ್ಲು ಭೂವಿಜ್ಞಾನದ ಲೆಕ್ಕದಲ್ಲಿ ಸುಣ್ಣಗಲ್ಲು. ನಮ್ಮ ಜಿಲ್ಲೆಯ ವಾಡಿ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳು ಬಂದು ನಿಂತದ್ದೂ ಅದೇ ಸುಣ್ಣಗಲ್ಲಿನ ಕಾರಣಕ್ಕೆ. ಅದಕ್ಕೇ ನಾನು ಕಟ್ಟಡ ಸಾಮಗ್ರಿಗಳ ಕಡೆ ಬಂದೆ. ಇದನ್ನು ಜರ್ಮನ್‌ನಲ್ಲಿ ಹೇಳಲು ಹೊರಟಾಗ ನಿಘಂಟಿನಲ್ಲಿ ಹುಡುಕಿದೆ. ಸುಣ್ಣಗಲ್ಲಿಗೆ ‘ಕಲ್ಕ್‌ಷ್ಟೈನ್’ ಎಂದಿತ್ತು. ‘ಕಲ್ಕ್’ ಎಂದರೆ ಸುಣ್ಣ, ‘ಷ್ಟೈನ್’ ಎಂದರೆ ಕಲ್ಲು. ಎರಡು ಭಾಷೆಗಳು ಒಂದೇ ಕಲ್ಲನ್ನು ಒಂದೇ ರೀತಿಯಲ್ಲಿ ಬೆಸೆದು ಹೆಸರಿಟ್ಟಿದ್ದವು.

ಆ ವಾಕ್ಯ ಹೀಗಿದೆ, ದಯವಿಟ್ಟು ಬರೆದುಕೊಳ್ಳಿ: ‘ವೈಲ್ ಎಸ್ ಬೈ ಉನ್ಸ್ ಫೀಲ್ ಕಲ್ಕ್‌ಷ್ಟೈನ್ ಗಿಪ್ಟ್.’ ‘ವೈಲ್’ ಎಂದರೆ ಯಾಕೆಂದರೆ. ‘ಎಸ್’ ಎಂಬುದು ಅರ್ಥವಿಲ್ಲದ ಸಣ್ಣ ಸರ್ವನಾಮ, ಸದ್ಯ ಬಿಟ್ಟುಬಿಡಿ. ಉಳಿದದ್ದನ್ನು ಒಂದೊಂದಾಗಿ ನೋಡಿ. ‘ಬೈ ಉನ್ಸ್’ ಎಂದರೆ ನಮ್ಮಲ್ಲಿ. ನಾವು ‘ನಮ್ಮಲ್ಲಿ’ ಎಂದಾಗ ನಮ್ಮ ಮನೆ, ನಮ್ಮ ಊರು, ನಮ್ಮ ದೇಶ ಎಲ್ಲವೂ ಆಗುವಂತೆ ‘ಬೈ ಉನ್ಸ್’ ಕೂಡ ಎಲ್ಲವೂ ಆಗುತ್ತದೆ. ‘ಫೀಲ್’ ಎಂದರೆ ಬಹಳ. ‘ಕಲ್ಕ್‌ಷ್ಟೈನ್’ ಸುಣ್ಣಗಲ್ಲು. ‘ಗಿಪ್ಟ್’ ಇದೆ. ನಮ್ಮಲ್ಲಿ, ಬಹಳ, ಸುಣ್ಣಗಲ್ಲು, ಇದೆ. ಒಂದು ಪದವೂ ಜಾಗ ಬಿಟ್ಟು ಕದಲಿಲ್ಲ! ‘ವೈಲ್’ ಬಂದೊಡನೆ ಜರ್ಮನ್ ವಾಕ್ಯದ ಕ್ರಿಯಾಪದ ಕೊನೆಗೆ ಹೋಗಿ ಕೂರುತ್ತದೆ. ಇಂಗ್ಲಿಷಿನ ಮೂಲಕ ಕಲಿಯುವವರಿಗೆ ಈ ನಿಯಮ ಬಹಳ ಕಷ್ಟ. ಕ್ರಿಯಾಪದ ಬರುವವರೆಗೆ ಅಷ್ಟು ಹೊತ್ತು ಕಾಯುವುದು ಅವರಿಗೆ ರೂಢಿಯಿಲ್ಲ. ನಾವು ಹುಟ್ಟಿದಾಗಿನಿಂದ ಕಾಯುತ್ತಲೇ ಬಂದಿದ್ದೇವೆ. ಇದು ನಾನು ಹೇಳಿದ ಮೂರನೆಯ ಕಾಲುದಾರಿ, ಮೂರರಲ್ಲಿ ಅತ್ಯಂತ ಅಗಲವಾದದ್ದು. ‘ವೈಲ್’ ಇಲ್ಲದ ಸಾಮಾನ್ಯ ವಾಕ್ಯದಲ್ಲಿ ಕ್ರಿಯಾಪದ ಎರಡನೆಯ ಸ್ಥಾನದಲ್ಲಿ ಬರುತ್ತದೆ ಎಂಬುದನ್ನು ಮಾತ್ರ ಮರೆಯಬೇಡಿ.

ನಾನು ಈ ವಾಕ್ಯವನ್ನು ಹೇಳಿದ ಸಂಜೆ, ಆ ಈರುಳ್ಳಿ ಹೆಚ್ಚುತ್ತಿದ್ದ ಹುಡುಗಿ ‘ಆಖ್ ಜ಼ೋ!’ ಎಂದಳು. ಅದು ಅವರ ‘ಹೌದಾ!’ ಎಂಬ ಉದ್ಗಾರ. ಅನಂತರ ಆಕೆ ತನ್ನ ಊರಿನ ಮರಳುಗಲ್ಲಿನ ಬಗ್ಗೆ ಹೇಳತೊಡಗಿದಳು. ಡ್ರೆಸ್ಡನ್ನಿನ ಹಳೆಯ ಕಟ್ಟಡಗಳಲ್ಲಿ ಬಹಳಷ್ಟು ಎಲ್ಬ ನದಿಯ ದಂಡೆಯ ಬೆಟ್ಟಗಳಿಂದ ತಂದ ಮರಳುಗಲ್ಲಿನವು, ಕಾಲ ಕಳೆದಂತೆ ಅವು ಕಪ್ಪಾಗುತ್ತವೆ. ಆ ದಿನ ನಾವು ಒಂದು ಗಂಟೆ ಕಲ್ಲಿನ ಬಗ್ಗೆ ಮಾತಾಡಿದೆವು. ನನ್ನ ಜರ್ಮನ್ ಆಗ ಎಷ್ಟಿತ್ತೆಂದರೆ, ಅರ್ಧ ಮಾತು ಕೈಸನ್ನೆಯಲ್ಲಿಯೇ ಆಯಿತು.

ಅಂಕಗಳ ಬಗ್ಗೆಯೂ ತಿಳಿದಿರಬೇಕು, ಯಾರಾದರೂ ಕೇಳಿದಾಗ ಗೊಂದಲವಾಗಬಾರದು. ಅಂಕಕ್ಕೆ ‘ನೋಟೆ’ ಎನ್ನುತ್ತಾರೆ. ಅಲ್ಲಿ 1.0 ಅತ್ಯುತ್ತಮ, 4.0 ಕೊನೆಯ ಉತ್ತೀರ್ಣ ಅಂಕ, 5.0 ಅನುತ್ತೀರ್ಣ. ‘ನನಗೆ ಒಂಬತ್ತು ಬಂದಿದೆ’ ಎಂದರೆ ಅವರಿಗೆ ಏನೂ ತಿಳಿಯುವುದಿಲ್ಲ. ನಮ್ಮ ಅಂಕವನ್ನು ಅಲ್ಲಿನದಕ್ಕೆ ಬದಲಿಸಲು ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಬವೇರಿಯನ್ ಸೂತ್ರದ ಪರಿಷ್ಕೃತ ರೂಪವನ್ನು ಬಳಸುತ್ತವೆ: ಗರಿಷ್ಠ ಅಂಕದಿಂದ ನಿಮ್ಮ ಅಂಕವನ್ನು ಕಳೆದು, ಗರಿಷ್ಠಕ್ಕೂ ಕನಿಷ್ಠ ಉತ್ತೀರ್ಣ ಅಂಕಕ್ಕೂ ಇರುವ ಅಂತರದಿಂದ ಭಾಗಿಸಿ, 3ರಿಂದ ಗುಣಿಸಿ, 1 ಕೂಡಿಸಬೇಕು. ಗರಿಷ್ಠ 100, ಪಾಸಾಗಲು 40 ಇರುವಲ್ಲಿ ನೀವು 82 ಪಡೆದಿದ್ದರೆ, 18ನ್ನು 60ರಿಂದ ಭಾಗಿಸಿದಾಗ 0.3, ಅದರ ಮೂರರಷ್ಟು 0.9, ಒಂದು ಕೂಡಿಸಿದರೆ 1.9. ಅದು ಅಲ್ಲಿ ಒಳ್ಳೆಯ ಅಂಕವೇ. ಆದರೆ ಗೆಳೆಯರ ನಡುವೆ ಕೇಳದೆ ಅಂಕ ಹೇಳುವ ರೂಢಿ ಅಲ್ಲಿ ಇಲ್ಲ. ಕೇಳದೆ ಹೇಳಿದರೆ ಜಂಬದಂತೆ ಕಾಣುತ್ತದೆ.

ಅನುತ್ತೀರ್ಣವಾದದ್ದನ್ನು ಮಾತ್ರ ಅವರು ನಮಗಿಂತ ಸರಾಗವಾಗಿ ಹೇಳುತ್ತಾರೆ. ‘ಇಶ್ ಬಿನ್ ಡುರ್ಶ್‌ಗೆಫಲ್ಲನ್’ ಎಂದರೆ ನಾನು ಫೇಲಾದೆ. ಅಕ್ಷರಶಃ ನಡುವಿನಿಂದ ಕೆಳಗೆ ಬಿದ್ದೆ, ಜರಡಿಯಿಂದ ಬಿದ್ದ ಹಾಗೆ. ಪಾಸಾದರೆ ‘ಬೆಷ್ಟಂಡನ್’, ಅಂದರೆ ನಿಂತೆ, ಉಳಿದೆ. ಒಂದು ವಿಷಯದ ಪರೀಕ್ಷೆಗೆ ಅಲ್ಲಿ ಅವಕಾಶಗಳು ಸೀಮಿತ, ಬಹಳ ಕಡೆ ಮೂರು. ಮೂರರಲ್ಲಿಯೂ ಬಿದ್ದರೆ ಆ ಕೋರ್ಸನ್ನೇ ಬಿಡಬೇಕಾಗಬಹುದು. ಆದ್ದರಿಂದ ಮೂರನೆಯ ಅವಕಾಶ ಎಂದು ಯಾರಾದರೂ ಹೇಳಿದರೆ ಅದು ಗಂಭೀರವಾದ ಮಾತು ಎಂದು ತಿಳಿದು ಕೇಳಿಸಿಕೊಳ್ಳಿ. ಲಿಖಿತ ಪರೀಕ್ಷೆಗೆ ‘ಕ್ಲೌಜ಼ೂರ್’ ಎನ್ನುತ್ತಾರೆ, ಮತ್ತು ಕ್ಲೌಜ಼ೂರನ್ನು ಅವರು ನಮ್ಮಂತೆಯೇ ‘ಬರೆಯುತ್ತಾರೆ’: ‘ಇಶ್ ಶ್ರೈಬೆ ಮೋರ್ಗನ್ ಐನೆ ಕ್ಲೌಜ಼ೂರ್’, ನಾನು ನಾಳೆ ಒಂದು ಪರೀಕ್ಷೆ ಬರೆಯುತ್ತೇನೆ. ಇಂಗ್ಲಿಷ್ ಹಾದಿಯಲ್ಲಿ ಹೋದವರು ಇಲ್ಲಿ ‘ತೆಗೆದುಕೊಳ್ಳು’ ಎಂಬ ಕ್ರಿಯಾಪದವನ್ನು ತಂದು ಕೆಡಿಸುತ್ತಾರೆ.

ಕಾಲದ ಬಗ್ಗೆ ಒಂದು ಮಾತು. ವೇಳಾಪಟ್ಟಿಯಲ್ಲಿ ಗಂಟೆಯ ಮುಂದೆ ‘ಸಿ.ಟಿ.’ ಎಂಬ ಎರಡಕ್ಷರ ಇದ್ದರೆ, ಲ್ಯಾಟಿನ್‌ನಲ್ಲಿ ಕಾಲಸಹಿತ ಎಂದರ್ಥ, ಹತ್ತು ಗಂಟೆಯ ತರಗತಿ ಹತ್ತೂ ಕಾಲಿಗೆ ಆರಂಭವಾಗುತ್ತದೆ. ‘ಎಸ್.ಟಿ.’ ಇದ್ದರೆ ಸರಿಯಾಗಿ ಹತ್ತಕ್ಕೆ. ತರಗತಿ ಮುಗಿದಾಗ ವಿದ್ಯಾರ್ಥಿಗಳು ಚಪ್ಪಾಳೆ ತಟ್ಟುವುದಿಲ್ಲ, ಬೆರಳ ಗೆಣ್ಣಿನಿಂದ ಬೆಂಚನ್ನು ಬಡಿಯುತ್ತಾರೆ. ಮೊದಲ ದಿನ ಆ ಸದ್ದಿಗೆ ನೀವು ಬೆಚ್ಚಬಹುದು. ಅದು ಕೃತಜ್ಞತೆಯ ಸದ್ದು.

ಕೊನೆಗೆ ಒಂದು ಸಣ್ಣ ಪದಜೋಡಿ: ‘ಉಂಡ್ ಡೂ?’ ಮತ್ತೆ ನೀನು? ಜರ್ಮನ್ ಕಲಿಕೆಯ ಮೊದಲ ಹಂತವಾದ ಎ-1ರ ಮೌಖಿಕ ಪರೀಕ್ಷೆಯ ಮೊದಲ ಭಾಗದಲ್ಲಿ ಹೆಸರು, ವಯಸ್ಸು, ದೇಶ, ಊರು, ಭಾಷೆ, ವೃತ್ತಿ, ಹವ್ಯಾಸ ಎಂಬ ಸೂಚನಾ ಪದಗಳನ್ನು ಇಟ್ಟುಕೊಂಡು ನೀವು ನಿಮ್ಮ ಪರಿಚಯ ಹೇಳುತ್ತೀರಿ. ಅದನ್ನು ಬಾಯಿಪಾಠ ಮಾಡಿ ಹೋದವರು ಅಡುಗೆಮನೆಯಲ್ಲಿಯೂ ಒಂದೇ ಉಸಿರಿಗೆ ಏಳನ್ನೂ ಒಪ್ಪಿಸಿ ಸುಮ್ಮನಾಗುತ್ತಾರೆ. ಎರಡು ವಾಕ್ಯ ಹೇಳಿ, ನಿಲ್ಲಿಸಿ, ‘ಉಂಡ್ ಡೂ?’ ಎನ್ನಿ. ಎದುರಿಗಿರುವವರು ಹೇಳುವುದನ್ನು ಕೇಳಿ. ಅರ್ಥವಾಗದ ವಿಷಯದ ಹೆಸರು ಬಂದರೆ ಅದು ಏನೆಂದು ಕೇಳಿ. ಹೇಳಲು ಅವರಿಗೂ ಇಷ್ಟವಿರುತ್ತದೆ.

ಪಕ್ಕದಲ್ಲಿ ಕುಳಿತವರ ಜೊತೆ ಈಗಲೇ ಒಮ್ಮೆ ಮಾಡಿ ನೋಡಿ ಎಂದು ನಾನು ಹೇಳಿದಾಗ, ಮೂರನೆಯ ಸಾಲಿನಿಂದ ಚಿತ್ತಾಪುರದ ಒಬ್ಬ ವಿದ್ಯಾರ್ಥಿ ಎದ್ದು ನಿಂತು, ‘ಮೇಡಂ, ಮುಂದ ಏನ್ ಮಾಡ್ತಿ ಅಂತ ಕೇಳಿದ್ರ, ನನಗ ಗೊತ್ತಿಲ್ದಿದ್ರ ಏನ್ ಹೇಳ್ಬೇಕ್ರಿ?’ ಎಂದು ಕೇಳಿದ್ದಾರೆ. ‘ಡಸ್ ವೈಸ್ ಇಶ್ ನೊಖ್ ನಿಶ್ಟ್’ ಎನ್ನಿ. ಅದು ನನಗೆ ಇನ್ನೂ ಗೊತ್ತಿಲ್ಲ. ಅಲ್ಲಿ ಅದು ಪೂರ್ಣವಾದ, ಮರ್ಯಾದೆಯ ಉತ್ತರ. ‘ನೊಖ್’ ಎಂದರೆ ‘ಇನ್ನೂ’. ಆ ಪದವನ್ನು ಬಿಡಬೇಡಿ. ಈಗ ಕುಳಿತುಕೊಂಡು ನಿಮ್ಮ ಪಕ್ಕದವರನ್ನು ಕೇಳಿ: ‘ವಸ್ ಷ್ಟುಡೀರ್ಸ್ಟ್ ಡೂ?’